ಚಕ್ಕುಬಂದಿಯ ನಡುವೆ

ಆ ವಕೀಲರ ಕಚೇರಿಗೆ ಎರಡು ಅಂತಸ್ತು. ಮೇಲಿನವರು ಕಂಪನಿಗಳನ್ನು ಕೊಳ್ಳಿಸುವವರು, ಮಾರಿಸುವವರು, ಒಂದರೊಳಗೆ ಇನ್ನೊಂದನ್ನು ಕೂಡಿಸುವವರು. ಅವರ ಬಾಗಿಲು ಗಾಜಿನದು, ನಡಿಗೆ ಓಟದ್ದು, ಚಹಾ ಯಾವಾಗಲೂ ಆರಿದ್ದು. ಕೆಳಗಿನವರು ಜಾಗದವರು. ಮೇಲೆ ಒಂದು ಕಂಪನಿ ಕೈ ಬದಲಾಯಿಸುತ್ತದೆ ಎಂದಾದರೆ, ಅದರ ಹೊಟ್ಟೆಯಲ್ಲಿರುವ ಗೋದಾಮು, ಅಂಗಳ, ಖಾಲಿ ನಿವೇಶನ, ಹಾಳುಬಾವಿ ಎಲ್ಲವೂ ನಿಜವಾಗಿ ಅದರದ್ದೇ ಹೌದೋ ಅಲ್ಲವೋ ಎಂದು ಕಾಗದ ಬಿಚ್ಚಿ ನೋಡುವುದು ಕೆಳಗಿನವರ ಪಾಲು. ದೊಡ್ಡ ವ್ಯವಹಾರ ಮುಗಿದ ದಿನ ಮೇಲೆ ಕೈ ಕುಲುಕುವ ಫೋಟೊ ತೆಗೆಯುತ್ತಾರೆ. ಅದರಲ್ಲಿ ಕೆಳಗಿನವರು ಇರುವುದಿಲ್ಲ. ಇರಬೇಕೆಂಬ ಆಸೆಯೂ ತಮಗಿಲ್ಲ ಎಂದು ಅವರು ಹೇಳಿಕೊಳ್ಳುತ್ತಾರೆ, ಕೇಳದಿದ್ದವರಿಗೂ ಹೇಳುತ್ತಾರೆ.

ಕೆಳಗೆ ಕಿಟಕಿಯ ಪಕ್ಕದ ಮೇಜು ಚಕ್ಕುಬಂದಿ ಮೇಡಂ ಎಂದು ಹೆಸರಾದವಳದು. ಜಾಗದ ಕಾಗದದಲ್ಲಿ ಕೊನೆಗೆ ನಾಲ್ಕು ಸಾಲು ಬರುತ್ತವೆ. ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು, ಉತ್ತರಕ್ಕೆ, ದಕ್ಷಿಣಕ್ಕೆ. ಅದೇ ಚಕ್ಕುಬಂದಿ. ಉಳಿದ ವಕೀಲರು ಅದನ್ನು ನಕ್ಷೆಯೊಂದಿಗೆ ತಾಳೆ ನೋಡಿ, ಒಂದು ಗೀಟು ಎಳೆದು ಮುಂದೆ ಹೋಗುತ್ತಾರೆ. ಅವಳು ಮಾತ್ರ ಅಲ್ಲಿಗೆ ಬಂದ ಕೂಡಲೇ ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ನಾಲ್ಕೂ ಸಾಲನ್ನು ಮೆಲ್ಲಗೆ ಬಾಯಿಪಾಠ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುತ್ತಲೇ ಆ ಜಾಗದೊಳಕ್ಕೆ ನಡೆದುಬಿಡುತ್ತಿದ್ದಳು. ಪೂರ್ವಕ್ಕೆ ಹುಣಸೆಮರವೆಂದಿದ್ದರೆ ಅವಳ ಎಡಭುಜದ ಮೇಲೆ ನೆರಳು ಬೀಳುತ್ತಿತ್ತು. ಉತ್ತರಕ್ಕೆ ಮರಳುದಾರಿ ಎಂದಿದ್ದರೆ ಕಾಲ ಕೆಳಗೆ ಮರಳು ಸರಿಯುತ್ತಿತ್ತು. ಪಕ್ಕದ ಮೇಜಿನವರು ಮೊದಮೊದಲು ನಿದ್ದೆ ಎಂದುಕೊಂಡರು. ಆಮೇಲೆ, ಆ ನಿದ್ದೆಯಿಂದ ಎದ್ದವಳು "ಇಲ್ಲಿ ಒಂದು ಮೂಲೆ ಕೂಡ್ತಾ ಇಲ್ಲ, ನಡುವೆ ಯಾರ್ದೋ ಓಣಿ ಇರ್ಬೇಕು" ಎನ್ನುವುದು, ಹುಡುಕಿದರೆ ಓಣಿ ಸಿಗುವುದು, ಇದು ಹಲವು ಸಲ ಆದ ಮೇಲೆ ಅವಳ ಕಣ್ಣು ಮುಚ್ಚಿದಾಗ ಯಾರೂ ಮಾತಾಡಿಸದಾದರು.

ಒಂದೇ ಒಂದು ಕೆಟ್ಟ ಚಾಳಿ ಅವಳಿಗಿತ್ತು. ಜಾಗವನ್ನು ಹೋಗಿ ನೋಡುತ್ತಿರಲಿಲ್ಲ. ನೋಡಿಬರಲು ಬೇರೆಯವರಿದ್ದರು. ಅವರು ಫೋಟೊ ತೆಗೆದು ವರದಿಯ ಜೊತೆ ಲಗತ್ತಿಸಿ ಕೊಡುತ್ತಿದ್ದರು. ಅವಳು ವರದಿ ಓದುವಳು, ಫೋಟೊ ಇರುವ ಲಕೋಟೆಯನ್ನು ಬಿಚ್ಚದೆ ಪಕ್ಕಕ್ಕಿಡುವಳು. ಯಾಕೆಂದರೆ ಹಿಂದೊಮ್ಮೆ ಹೋಗಿ ನೋಡಿದ್ದಳು. ಕಾಗದದಲ್ಲಿ ತಾವರೆಕೆರೆ ಇದ್ದ ಕಡೆ ಟೈರುಗಳ ಗುಡ್ಡ ಇತ್ತು. ಅಂದು ಮನೆಗೆ ಬಂದು ಜ್ವರ ಬಂದವಳಂತೆ ಮಲಗಿದ್ದಳು. "ನೋಡಿದ್ರೆ ಹಾಳಾಗುತ್ತೆ" ಎಂಬುದು ಅಲ್ಲಿಂದೀಚೆಗೆ ಅವಳ ಸಿದ್ಧಾಂತ.

ಅವಳ ಕನಸಿನ ಜಾಗಗಳಲ್ಲಿ ಜನ ಇರುತ್ತಿರಲಿಲ್ಲ. ಇದನ್ನು ಅವಳು ಗಮನಿಸಿಯೂ ಇರಲಿಲ್ಲ. ಚಕ್ಕುಬಂದಿ ನಾಲ್ಕು ಕಡೆ ಏನಿದೆ ಎಂದು ಹೇಳುತ್ತದೆ, ನಡುವೆ ಯಾರಿದ್ದಾರೆ ಎಂದು ಹೇಳುವುದಿಲ್ಲ. ಅವಳೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಅವಳೂ ಅಕ್ಕನೂ ಇಬ್ಬರೇ. ಬಾಡಿಗೆ ಮನೆ, ಮಹಡಿಯ ಮೇಲಿನದು, ಮುಂದಿನ ಕೋಣೆಗೆ ಬೆಳಗಿನ ಬಿಸಿಲು ತಪ್ಪದೆ ಬರುವಂಥದು. ಅಕ್ಕ ಅಂಗಿಯ ಗುಂಡಿ ಮಾರುವವಳು. ಊರ ನಡುವಿನ ಗಾಜಿನ ಸಾಲು ಎಂಬ ಹಳೇ ಕಟ್ಟಡದಲ್ಲಿ, ಎರಡೂ ಬದಿಗೆ ಸಣ್ಣ ಸಣ್ಣ ಅಂಗಡಿಗಳಿರುವ ಗಾಜಿನ ಸೂರಿನ ಕೆಳಗೆ, ಅವಳದೊಂದು ಗೂಡಂಗಡಿ. ಚಿಪ್ಪಿನ ಗುಂಡಿ, ಮರದ ಗುಂಡಿ, ಬೆಳ್ಳಿಬಣ್ಣದವು, ಮಕ್ಕಳ ಸ್ವೆಟರಿಗೆ ಹಾಕುವ ಮೊಲದ ಮುಖದವು. ಎಲ್ಲೋ ಕಳೆದುಹೋದ ಒಂದು ಗುಂಡಿಗೆ ಜೋಡಿ ಹುಡುಕಿಕೊಂಡು ಬರುವವರೇ ಅವಳ ಗಿರಾಕಿಗಳು. ಹೆತ್ತವರು ಬೇಗ ಹೋದ ಮೇಲೆ ತಂಗಿಯನ್ನು ಕಾನೂನು ಓದಿಸಿದ್ದು ಆ ಗುಂಡಿಗಳೇ. ಮದುವೆ ಮಾತು ಬಂದಾಗಲೆಲ್ಲ ಅಕ್ಕ "ಮೊದ್ಲು ಇವಳದೊಂದು ದಾರಿ ಆಗ್ಲಿ" ಎನ್ನುತ್ತಿದ್ದಳು. ತಂಗಿಯ ದಾರಿ ಆಗುವ ಹೊತ್ತಿಗೆ ಮಾತು ಎತ್ತುವವರೇ ಇರಲಿಲ್ಲ.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಅದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಊರವರ ಜಾಗದ ಜಾತಕವನ್ನೆಲ್ಲ ಜಾಲಾಡುವ ಈ ಮಹಾತಾಯಿ, ತನ್ನ ಅಕ್ಕನ ಅಂಗಡಿ ಯಾರ ನೆಲದ ಮೇಲಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತಿಂಗಳಿಗೊಮ್ಮೆ ಯಾರೋ ಬರುತ್ತಿದ್ದ, ಬಾಡಿಗೆ ಇಸಿದುಕೊಂಡು ಹೋಗುತ್ತಿದ್ದ. ಕರಾರುಪತ್ರ ಎಂಬುದು ಅಲ್ಲಿ ಯಾರ ಬಳಿಯೂ ಇರಲಿಲ್ಲ.

ಆ ವರ್ಷ ಮೇಲಿನವರಿಗೆ ದೊಡ್ಡ ಕೆಲಸ ಬಂತು. ಒಂದು ದೊಡ್ಡ ಕಂಪನಿ ಒಂದು ಹಳೇ ಸಾಬೂನು ಕಂಪನಿಯನ್ನು ಇಡಿಯಾಗಿ ಕೊಳ್ಳುವುದು. ಇಂಥ ಕೆಲಸಗಳಿಗೆ ಕಚೇರಿಯಲ್ಲಿ ಗುಟ್ಟಿನ ಹೆಸರಿಡುವ ಪದ್ಧತಿ. ನಡುಮನೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ಯಾರ ಕಿವಿಗೂ ಕಂಪನಿಯ ಹೆಸರು ಬೀಳಬಾರದು. ಈ ಸಲದ್ದು ಕೊಕ್ಕರೆ. "ಕೊಕ್ಕರೆ ಎಲ್ಲಿಗೆ ಬಂತು?" "ಕೊಕ್ಕರೆ ಇನ್ನೂ ಒಂಟಿ ಕಾಲಲ್ಲೇ ನಿಂತಿದೆ" ಎಂದೆಲ್ಲ ಮೆಟ್ಟಿಲ ಮೇಲೆ ಗಂಭೀರವಾಗಿ ಮಾತಾಡಿಕೊಳ್ಳುವ ಕರಿಕೋಟಿನವರನ್ನು ಹೊಸಬರು ಯಾರಾದರೂ ಕಂಡರೆ ಹುಚ್ಚಾಸ್ಪತ್ರೆಗೆ ಬಂದೆನೇನೋ ಎಂದುಕೊಳ್ಳಬೇಕು.

ಕೊಕ್ಕರೆಯ ಹೊಟ್ಟೆಯಲ್ಲಿ ಹಲವು ಜಾಗಗಳಿದ್ದವು. ಅದರಲ್ಲೊಂದನ್ನು ಪಟ್ಟಿಯಲ್ಲಿ "ಹಳೇ ಗೋದಾಮು" ಎಂದಷ್ಟೇ ಬರೆದಿದ್ದರು. ಕ್ರಯಪತ್ರ ಅಜ್ಜನ ಕಾಲದ್ದು, ಬೀದಿಯ ಹೆಸರು ಈಗ ಯಾರೂ ಕರೆಯದಂಥದು. ಚಕ್ಕುಬಂದಿ ಮಾತ್ರ ಚಿತ್ರದಂತಿತ್ತು. ಪೂರ್ವಕ್ಕೆ ನೀರಿನ ಕಾಲುವೆ. ಪಶ್ಚಿಮಕ್ಕೆ ಕುದುರೆ ಲಾಯ. ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ಸೀಬೆ ತೋಟ.

ಅವಳು ಕಣ್ಣು ಮುಚ್ಚಿದಳು. ಅಷ್ಟು ವರ್ಷಗಳಲ್ಲಿ ಅಷ್ಟು ಸುಲಭವಾಗಿ ಯಾವ ಜಾಗವೂ ಅವಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಕಾಲುವೆಯ ಮೇಲೆ ಬೆಳಗು ತೇಲುತ್ತಿತ್ತು. ಲಾಯದ ಗೋಡೆಯಾಚೆ ಕುದುರೆಯೊಂದು ಮೂಗಿನಿಂದ ಉಸಿರು ಬಿಡುತ್ತಿತ್ತು. ಸೀಬೆಹಣ್ಣಿನ ವಾಸನೆ ಗೋಡೆ ದಾಟಿ ಬಂದು ನೆಲದ ಮೇಲೆ ಮಲಗುತ್ತಿತ್ತು. ಅವಳು ದಿನವೂ ಹೋದಳು. ಊಟದ ಬಿಡುವಿನಲ್ಲಿ ಹೋದಳು, ಬಸ್ಸಿನಲ್ಲಿ ನಿಂತುಕೊಂಡು ಹೋದಳು. ಆ ಜಾಗ ತನಗಾಗಿಯೇ ಅಷ್ಟು ಕಾಲ ಕಾದಿತ್ತು ಎನಿಸುತ್ತಿತ್ತು.

ವರದಿಯೂ ಆ ಹಳೇ ಬೀದಿಯ ಹೆಸರನ್ನೇ ಹೇಳುತ್ತಿತ್ತು. ಅದರಲ್ಲಿ ಒಂದು ಸಾಲು ಇತ್ತು: ಕಟ್ಟಡದಲ್ಲಿ ಕರಾರಿಲ್ಲದ ಕೆಲವು ಸಣ್ಣ ಅಂಗಡಿಗಳಿವೆ, ತೆರವು ಮಾಡಿಸಬಹುದು. ಕೊಳ್ಳುವವರಿಗೆ ಜಾಗ ಖಾಲಿ ಬೇಕಿತ್ತು. ಷರತ್ತು ಬರೆಯುವುದು ಅವಳ ಕೆಲಸ. ಅವಳು ಅದನ್ನು ತನ್ನ ಕನಸಿನ ಅಂಗಳವನ್ನು ಗುಡಿಸುವವಳ ಹಾಗೆ ಬರೆದಳು: "ಯಾವುದೇ ವ್ಯಕ್ತಿಯ, ವಸ್ತುವಿನ, ಹಕ್ಕಿನ ಅಥವಾ ರೂಢಿಯ ಉಳಿಕೆಯಿಲ್ಲದೆ ಸದರಿ ಸ್ವತ್ತನ್ನು ಖಾಲಿ ಸ್ವಾಧೀನದಲ್ಲಿ ಒಪ್ಪಿಸತಕ್ಕದ್ದು." ಅದರ ಬೆನ್ನಿಗೆ, ಯಾರೂ ನುಣುಚಿಕೊಳ್ಳದಂತೆ ಇನ್ನೂ ಕೆಲವು ಸಾಲು. ಕಚೇರಿಯ ಹಿರಿಯ ವಕೀಲರು ಓದಿ, "ಇದ್ರಲ್ಲಿ ಗಾಳಿ ತೂರೋಕೂ ಸಂದಿಲ್ಲಮ್ಮ" ಎಂದರು. ಆ ಮಾತನ್ನು ಅವಳು ಮನೆಯವರೆಗೂ ಬಾಯಲ್ಲಿ ಚಪ್ಪರಿಸಿಕೊಂಡು ಬಂದಳು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಕ್ಕ ತನ್ನ ಅಂಗಡಿಯ ಸುದ್ದಿ ಶುರು ಮಾಡಿದಳು. ಬಹಳ ದಿನಗಳಿಂದ ಅವಳಿಗೊಂದು ಆಸೆ. ಒಳ್ಳೆಯ ಮರದ ಉದ್ದನೆ ಕೌಂಟರ್, ಅದರೊಳಗೆ ಸಣ್ಣ ಸಣ್ಣ ಡ್ರಾಯರುಗಳು, ಪ್ರತಿಯೊಂದಕ್ಕೂ ಮುಂದೆ ಆ ಗುಂಡಿಯದೇ ಒಂದು ಹಿಡಿ. ಬಡಗಿ ಬಂದು ಅಳತೆ ತೆಗೆಯುತ್ತಿದ್ದ.

"ಹಿಂದಿನ ಗೋಡೆ ತಟ್ಟಿ ನೋಡ್ದ ಕಣೆ. ಗಾರೆ ಉದುರಿ ಒಂದು ಸಲಾಕೆ ತುದಿ ಕಾಣ್ತು. ಆಚೆ ಕಡೆ ಹೋಗಿ ನೋಡಿದ್ರೆ ಅದಕ್ಕೆ ಇಷ್ಟು ದಪ್ಪ ಕಬ್ಬಿಣದ ಬಳೆ."

"ಬಳೆ ಯಾಕೆ?" ಎಂದಳು ತಂಗಿ, ಚಹಾ ಊದಿಕೊಳ್ಳುತ್ತ.

"ಕುದುರೆ ಕಟ್ಟೋಕಂತೆ. ಪಕ್ಕದ ದರ್ಜಿ ಹೇಳಿದ್ರು. ಗೋಡೆ ಹಿಂದೆ ಲಾಯ ಇತ್ತಂತೆ. ಮುಂದಿನ ರಸ್ತೆ ಕೆಳಗೆ ಈಗ್ಲೂ ಕಾಲುವೆ ಹರೀತಿದೆಯಂತೆ, ಯೋಚ್ನೆ ಮಾಡು. ಇನ್ನು ಬಸ್ ನಿಲ್ದಾಣ ಇದೆಯಲ್ಲ, ಆ ಕಡೆ ಪೂರ್ತಿ..."

"ಸೀಬೆ ತೋಟ."

"ನಿಂಗ್ಯಾರೆ ಹೇಳಿದ್ದು?"

"ಎಲ್ಲೋ ಓದಿದ್ದೆ" ಎಂದಳು. ಲೋಟವನ್ನು ತಟ್ಟೆಯ ಅಂಚಿನ ಮೇಲೇ ಇಟ್ಟುಬಿಟ್ಟಳು, ಚಹಾ ಚೆಲ್ಲಿತು. ಅಕ್ಕ ಬಟ್ಟೆ ತಂದು ಒರೆಸಿದಳು.

ಕಚೇರಿಗೆ ಹೋದವಳು ಬ್ಯಾಗನ್ನೂ ಕೆಳಗಿಡದೆ ಫೋಟೊಗಳ ಲಕೋಟೆ ಬಿಚ್ಚಿದಳು. ಗಾಜಿನ ಸೂರು. ದರ್ಜಿಯ ಮೆಷಿನ್ನು. ಗಡಿಯಾರ ರಿಪೇರಿಯವನ ಬೆನ್ನು. ಆಮೇಲೊಂದು ಫೋಟೊದ ಮೂಲೆಯಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಅಂಗೈಯಲ್ಲಿ ಗುಂಡಿ ಹರಡಿಕೊಂಡು, ಯಾರೋ ಫೋಟೊ ತೆಗೆಯುತ್ತಿರುವುದು ತಿಳಿಯದೆ ಕೂತಿರುವ ಅಕ್ಕ. ಇಷ್ಟು ದಿನ ತಾನು ಯಾರ ಅಂಗಳದಲ್ಲಿ ಅಡ್ಡಾಡುತ್ತಿದ್ದೆ, ಯಾರನ್ನು ಗುಡಿಸಿ ಹೊರಗೆ ಹಾಕಿದೆ ಎಂದು ತಿಳಿಯಿತು.

ನೇರವಾಗಿ ಹಿರಿಯ ವಕೀಲರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡು ಬಾಗಿಲು ಮುಚ್ಚಿ ಬಂದರು.

"ಬಂದು ಹೇಳಿದ್ದು ಒಳ್ಳೇದಾಯ್ತು. ಇವತ್ತಿಂದ ಕೊಕ್ಕರೆ ಫೈಲು ಮುಟ್ಬೇಡ. ಮನೇಲಿ ಒಂದು ಮಾತು ಜಾರಿದ್ರೂ ನಿನ್ನ ವಕೀಲಿ ಸನ್ನದಿಗೇ ಕುತ್ತು ಬರುತ್ತೆ, ಗೊತ್ತಲ್ಲ."

"ಆ ಷರತ್ತು ಸ್ವಲ್ಪ ಸಡಿಲ ಮಾಡೋಕಾಗುತ್ತಾ ಸಾರ್?"

"ಅದು ಕೊಳ್ಳೋರು ಕೇಳಿದ್ದಮ್ಮ. ನೀನು ಬರೀದಿದ್ರೆ ಇನ್ಯಾರೋ ಬರೀತಿದ್ರು. ನಿನ್ನಷ್ಟು ಚೆನ್ನಾಗಿ ಬರೀತಿರ್ಲಿಲ್ಲ, ಅಷ್ಟೆ."

ಸಮಾಧಾನಕ್ಕೆ ಹೇಳಿದ ಮಾತು ಅದು. ಅವಳಿಗೆ ಅದೇ ಹೆಚ್ಚು ಚುಚ್ಚಿತು. ಕೆಟ್ಟದಾಗಿ ಬರೆದ ಷರತ್ತಿನಲ್ಲಿ ಸಂದುಗಳಿರುತ್ತವೆ. ಅಂಥ ಸಂದುಗಳಲ್ಲಿ ಜನ ವರ್ಷಗಟ್ಟಲೆ ಬದುಕಿಕೊಂಡು ಹೋಗುತ್ತಾರೆ. ಜಾಗದ ವಕೀಲರಿಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಅಲ್ಲಿಂದ ಮುಂದಿನ ದಿನಗಳು ಅವಳಿಗೆ ಬಾಯಲ್ಲಿ ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಅಕ್ಕ ಕೌಂಟರಿನ ಚಿತ್ರ ಬರೆದು ತೋರಿಸುವಳು. ಮರದ ಮಾದರಿ ತುಂಡುಗಳನ್ನು ಬಿಸಿಲಿಗೆ ಹಿಡಿದು, "ಇದೋ, ಇದೋ?" ಎಂದು ಕೇಳುವಳು. ಬೇಡ ಅಕ್ಕ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಕೇಳಿದರೆ ಸುಳ್ಳು ಹೇಳಬೇಕು. ಅಕ್ಕನ ಮುಂದೆ ಸುಳ್ಳು ಹೇಳಿ ಗೆದ್ದ ದಾಖಲೆ ಅವಳ ಇಡೀ ಜನ್ಮದಲ್ಲಿ ಇರಲಿಲ್ಲ. ಸನ್ನದು ಹೋಗುತ್ತದೆ ಎಂಬ ಭಯವೂ ಇತ್ತು, ಇರಲಿಲ್ಲ ಎಂದು ಯಾಕೆ ಹೇಳಬೇಕು. ಆ ಸನ್ನದನ್ನೂ ಅಕ್ಕನ ಗುಂಡಿಗಳೇ ಕೊಡಿಸಿದ್ದವು. ಎತ್ತ ತಿರುಗಿದರೂ ಅಕ್ಕನೇ.

ಕಣ್ಣು ಮುಚ್ಚಿದರೆ ಆ ಜಾಗ ಈಗಲೂ ಬರುತ್ತಿತ್ತು. ಕಾಲುವೆ ಇತ್ತು, ಕುದುರೆಯ ಉಸಿರು ಇತ್ತು. ಆದರೆ ಸೀಬೆಮರದ ಕೆಳಗೆ ಅಕ್ಕ ಚಾಪೆ ಹಾಕಿಕೊಂಡು ಕೂತಿರುತ್ತಿದ್ದಳು. ಮಡಿಲ ತುಂಬ ಗುಂಡಿ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಇದರ ಜೋಡಿ ನಿನ್ನ ಹತ್ತಿರ ಇದೆಯಾ ಎಂದು ಕೇಳುತ್ತಿದ್ದಳು.

ಬಡಗಿ ಕೆಲಸ ಶುರುಮಾಡುವ ಮುಂಚಿನ ಬೆಳಿಗ್ಗೆ ತಂಗಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು.

"ಅಕ್ಕ, ಗೋಡೆಗೆ ಮೊಳೆ ಹೊಡೆಸ್ಬೇಡ. ಎಲ್ಲಾ ಸ್ಕ್ರೂ ಹಾಕ್ಸು. ತುಂಡು ತುಂಡಾಗಿ ಬಿಚ್ಚೋಕೆ ಬರ್ಬೇಕು. ತನ್ನ ಕಾಲ ಮೇಲೆ ತಾನು ನಿಂತಿರ್ಬೇಕು."

"ಅಯ್ಯೋ, ಕೌಂಟರ್ ಏನು ಊರೂರು ತಿರುಗೋಕೆ ಹೋಗುತ್ತಾ?"

"ಗೋಡೆಗೆ ಹೊಡೆದದ್ದು ಗೋಡೆಯವರ ಪಾಲು. ಕಾಲ ಮೇಲೆ ನಿಂತದ್ದು ಇಟ್ಟವರ ಪಾಲು. ನಮ್ಮ ಕಚೇರೀಲಿ ಹಾಗಂತಾರೆ."

ಅಕ್ಕ ನಕ್ಕಳು. "ನಿಮ್ಮ ಕಚೇರಿಯವ್ರು ಹಾಲಲ್ಲೂ ಹುಳ ಹುಡುಕೋರು. ಆಯ್ತು ಬಿಡು, ಸ್ಕ್ರೂನೇ ಹಾಕಿಸ್ತೀನಿ. ನಿನ್ನ ಮಾತು ಮೀರಿದ್ರೆ ನೋಟೀಸ್ ಕೊಟ್ಟುಬಿಡ್ತೀಯ."

ತಂಗಿ ನಗಲಿಲ್ಲ. ತನಗೆ ಹೇಳಲು ಸಾಧ್ಯವಿದ್ದದ್ದನ್ನು ಹೇಳಿದೆ ಎಂದುಕೊಂಡಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದು ಕಚೇರಿಗೆ ಹೋಗುವಾಗ ಒಂದಿಷ್ಟು ಹಗುರಾಗಿಯೂ ಇದ್ದಳು.

ಕೌಂಟರ್ ಬಂತು. ಅಕ್ಕ ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು. ದರ್ಜಿ ಬಂದು ಸವರಿ ನೋಡಿದರು, ಗಡಿಯಾರದವನು ಒಂದೊಂದೇ ಡ್ರಾಯರು ಎಳೆದು ನೋಡಿದ. ತಂಗಿಯೂ ಒಂದು ಸಂಜೆ ಹೋಗಿ ಕೌಂಟರಿನ ಈಚೆ ನಿಂತು, ಗಿರಾಕಿಯಂತೆ, "ಮೊಲದ ಗುಂಡಿ ಇದೆಯಾ?" ಎಂದು ಕೇಳಿದಳು. ಅಕ್ಕ ಅಷ್ಟು ಸಂತೋಷದಲ್ಲಿ ಇದ್ದದ್ದನ್ನು ಅವಳು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಹಿಂದಿನ ಗೋಡೆಯಲ್ಲಿ ಸಲಾಕೆಯ ತುದಿ ಹಾಗೇ ಇತ್ತು. ಅಕ್ಕ ಅದಕ್ಕೆ ತನ್ನ ಕೊಡೆ ನೇತುಹಾಕಿದ್ದಳು.

ಸ್ವಲ್ಪ ದಿನಕ್ಕೆ ಕೊಕ್ಕರೆ ಹಾರಿತು. ಮೇಲಿನ ಅಂತಸ್ತಿನಲ್ಲಿ ಸಹಿಗಳಾದವು, ಕೈ ಕುಲುಕಿದರು, ಫೋಟೊ ತೆಗೆದರು. ಕೆಳಗಿನವರಿಗೆ ಕೇಕಿನ ತುಂಡುಗಳು ಇಳಿದು ಬಂದವು. ಅವಳು ತನ್ನ ಪಾಲಿನದನ್ನು ಪಕ್ಕದ ಮೇಜಿಗೆ ಸರಿಸಿದಳು.

ಅದಾದ ಮೇಲೊಂದು ಮಧ್ಯಾಹ್ನ, ರಜೆಯ ದಿನ, ಅಕ್ಕ ಅಂಗಡಿಯಿಂದ ಬೇಗ ಬಂದಳು. ಚಪ್ಪಲಿ ಬಿಡದೆಯೇ ಮುಂದಿನ ಕೋಣೆಗೆ ಬಂದು ಒಂದು ಕಾಗದ ಚಾಚಿದಳು.

"ಎಲ್ಲರ ಬಾಗಿಲಿಗೂ ಅಂಟಿಸಿ ಹೋಗಿದಾರೆ. ದರ್ಜಿ ಅಂತಾರೆ, ನಿಮ್ಮ ತಂಗಿ ವಕೀಲೆ ಅಲ್ವಾ, ಅವಳ ಹತ್ರ ಓದಿಸಿ ಅಂತ. ಓದೇ, ಏನಿದೆ?"

ತಂಗಿ ಓದಿದಳು. ಸಾಬೂನು ಕಂಪನಿಯವರ ನೋಟೀಸು. ಬರೆದವರು ಕಷ್ಟಪಟ್ಟಿರಲಿಲ್ಲ, ಒಪ್ಪಂದದ ಷರತ್ತನ್ನು ಇದ್ದ ಹಾಗೇ ಎತ್ತಿ ಇಳಿಸಿದ್ದರು. ಅವಳ ಬಾಯಿ ಅವಳದೇ ವಾಕ್ಯಗಳನ್ನು ಹೇಳಿತು. ಯಾವುದೇ ವ್ಯಕ್ತಿಯ, ವಸ್ತುವಿನ, ಹಕ್ಕಿನ ಅಥವಾ ರೂಢಿಯ ಉಳಿಕೆಯಿಲ್ಲದೆ. ಓದಬೇಕಾದ ಅಗತ್ಯವೇ ಇರಲಿಲ್ಲ, ಕಣ್ಣು ಮುಚ್ಚಿದರೂ ಬರುತ್ತಿತ್ತು. ಆದರೆ ಅವಳು ಕಣ್ಣು ಮುಚ್ಚಲಿಲ್ಲ.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತು ಕೇಳಿಸಿಕೊಂಡಳು. "ಯಾರು ಬರೆದರೋ. ಬರೆಯೋದೇನೋ ಚೆನ್ನಾಗಿ ಬರೆದಿದಾರೆ" ಎಂದಳು. "ಒಂದು ಸೂಜಿ ಊರೋಕೂ ಜಾಗ ಬಿಟ್ಟಿಲ್ಲ."

"ನಾನೇ ಅಕ್ಕ ಬರೆದದ್ದು."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಆ ಸದ್ದು ನಿಂತ ಮೇಲೆ ಅಕ್ಕ ಕೇಳಿದಳು, "ನಮ್ಮ ಅಂಗಡಿ ಅಂತ ಗೊತ್ತಿತ್ತಾ?"

"ಬರೆಯೋವಾಗ ಗೊತ್ತಿರ್ಲಿಲ್ಲ. ಕುದುರೆ ಬಳೆ ಸಿಕ್ತು ಅಂದ್ಯಲ್ಲ, ಆವತ್ತು ಗೊತ್ತಾಯ್ತು."

"ಕೌಂಟರ್ ಮಾಡ್ಸೋಕೆ ಮುಂಚೆ."

"ಹೂಂ. ಹೇಳೋ ಹಾಗಿರ್ಲಿಲ್ಲ ಅಕ್ಕ. ಹೇಳಿದ್ರೆ..."

"ಅದಕ್ಕೇನಾ ಸ್ಕ್ರೂ ಹಾಕ್ಸು ಅಂದಿದ್ದು?"

ತಂಗಿ ತಲೆಯಾಡಿಸಿದಳು. ಅಕ್ಕ ನೋಟೀಸನ್ನು ಇಸಿದುಕೊಂಡು, ಮಡಿಕೆ ಇದ್ದ ಕಡೆಯೇ ಮಡಿಸಿದಳು.

"ನೀನು ಹೇಳಿದ್ದೆ. ಇಲ್ಲ ಅನ್ನಲ್ಲ. ಆದ್ರೆ ನಂಗೆ ಅರ್ಥ ಆಗೋ ಹಾಗೆ ಹೇಳ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಬೈಯಲಿಲ್ಲ, ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಗಾಜಿನ ಸಾಲಿನವರು ಓಡಾಡಿದರು, ಅರ್ಜಿ ಕೊಟ್ಟರು, ಬೇರೆ ವಕೀಲರನ್ನು ಹಿಡಿದರು. ಸಂದು ಸಿಗಲಿಲ್ಲ. ಕೊನೆಯ ದಿನ ತಂಗಿ ರಜೆ ಹಾಕಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಂಗಡಿಗೆ ಹೋದಳು. ದರ್ಜಿಯ ಕಪಾಟುಗಳು ಗೋಡೆಗೆ ಹೂತಿದ್ದವು, ಕೀಳಲು ಹೋದರೆ ಸೀಳಿದವು. ಅಕ್ಕನ ಕೌಂಟರ್ ಮಾತ್ರ ಒಂದು ಗೀರೂ ಇಲ್ಲದೆ ತುಂಡು ತುಂಡಾಗಿ ಬಿಚ್ಚಿಕೊಂಡಿತು. ಅಕ್ಕತಂಗಿಯರು ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡದೆ, ಸ್ಕ್ರೂ ತಿರುಗಿಸಿದರು. ತೆಗೆದ ಸ್ಕ್ರೂಗಳನ್ನು ಅಕ್ಕ ಗುಂಡಿಗಳ ಹಾಗೆ ಒಂದು ಡಬ್ಬಿಗೆ ಹಾಕಿಕೊಂಡಳು. ಎದ್ದು ಹೋಗುವಾಗ ಕೊಡೆ ತೆಗೆದುಕೊಳ್ಳಲು ಮರೆಯಲಿಲ್ಲ.

ಈಗ ಆ ಕೌಂಟರ್ ಮನೆಯ ಮುಂದಿನ ಕೋಣೆಯಲ್ಲಿದೆ, ಬೆಳಗಿನ ಬಿಸಿಲು ಬೀಳುವ ಕಡೆ. ಗಿರಾಕಿಗಳು ಕಡಿಮೆಯಾದರು. ಮಹಡಿ ಹತ್ತಿ ಒಂದು ಗುಂಡಿಗೆ ಬರುವವರು ಎಷ್ಟು ಜನ? ಬರುವವರು ಬರುತ್ತಾರೆ. ಅಕ್ಕ ತಂಗಿಯೊಡನೆ ಊಟ ತಿಂಡಿಯ ಮಾತು ಆಡುತ್ತಿದ್ದಳು, ಅದರಾಚೆಗೆ ಇಲ್ಲ. ತಂಗಿ ಕಚೇರಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಕಣ್ಣು ಮುಚ್ಚಿ ನಡೆಯುವ ಅಭ್ಯಾಸವನ್ನು ಬಿಟ್ಟೇಬಿಟ್ಟಿದ್ದಳು. ಹಾಗಂತ ಅಂದುಕೊಂಡಿದ್ದಳು.

ಒಂದು ರಜೆಯ ಬೆಳಿಗ್ಗೆ ಹೊಸದೊಂದು ಕಾಗದ ಮನೆಗೆ ತಂದಿದ್ದಳು. ಕೌಂಟರಿನ ಈಚೆ ತುದಿಯಲ್ಲಿ ಕೂತು ಓದುತ್ತ ಓದುತ್ತ ಚಕ್ಕುಬಂದಿ ಬಂತು. ಪೂರ್ವಕ್ಕೆ ಎರಡು ಬೇವಿನಮರ, ದಕ್ಷಿಣಕ್ಕೆ ಇಳಿಜಾರು, ಅದರ ಕೆಳಗೆ ಹೊಳೆ. ಗೊತ್ತಿಲ್ಲದಂತೆ ಕನ್ನಡಕ ಕೆಳಗಿಟ್ಟಳು. ಇಳಿಜಾರಿನ ಹುಲ್ಲು ಕಾಲಿಗೆ ತಾಗಿತು. ಹೊಳೆಯ ತಂಪು ಮುಖಕ್ಕೆ ಬಂತು. ಎಲ್ಲೂ ಯಾರೂ ಇರಲಿಲ್ಲ.

"ಇವತ್ತು ಯಾರ ಜಾಗ?"

ಎಷ್ಟೋ ದಿನಗಳ ಮೇಲೆ ಅಕ್ಕ ತಾನಾಗಿ ಕೇಳಿದ ಮಾತು. ಕೌಂಟರಿನ ಆಚೆ ಕೂತು ಚಿಪ್ಪಿನ ಗುಂಡಿಗಳನ್ನು ಬೇರ್ಪಡಿಸುತ್ತಿದ್ದಳು, ತಲೆ ಎತ್ತಿರಲಿಲ್ಲ.

"ಹೇಳೋ ಹಾಗಿಲ್ಲ ಅಕ್ಕ."

"ಹೇಳ್ಬೇಡ. ಅದ್ರಲ್ಲಿ ಜನ ಇದಾರಾ?"

ತಂಗಿ ಕಾಗದ ತಿರುವಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು. ನಕ್ಷೆಯಲ್ಲಿ ಮರಗಳಿದ್ದವು, ಹೊಳೆ ಇತ್ತು, ನಾಲ್ಕು ಕಡೆಯೂ ಸರಿಯಾಗಿತ್ತು.

"ಗೊತ್ತಿಲ್ಲ" ಎಂದಳು. ಕಾಗದ ಮಡಿಸಿ ಬ್ಯಾಗಿಗೆ ಹಾಕಿ, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. "ಹೋಗಿ ನೋಡ್ಕೊಂಡು ಬರ್ತೀನಿ."

"ಬಿಸಿಲಿದೆ" ಎಂದಳು ಅಕ್ಕ, ಮತ್ತು ಎದ್ದು ಬಂದು ತನ್ನ ಕೊಡೆಯನ್ನು ಅವಳ ಕೈಗೆ ಕೊಟ್ಟಳು.